ಗರಿ ದ್ವೀಪದಲ್ಲಿ ಮೂರು ಹಗಲು, ಎರಡು ರಾತ್ರಿ: ನಾವು ಹೋಗಿ ಬಂದ ಕ್ಯಾಂಪಿಂಗ್ ಟೂರ್

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆಯಿಂದ ಈಗ ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಮನೆಗೆ ಅಂತ ಆಸ್ಟ್ರೇಲಿಯಾಕ್ಕೆ ಹೋಗಿ ಬರುತ್ತಾರೆ. ಮಾಲ್, ಪಾರ್ಕ್, ದೇವಸ್ಥಾನ ಎಲ್ಲ ನೋಡಿ ಆದ ಮೇಲೆ "ಇನ್ನೆಲ್ಲಿಗೆ ಹೋಗೋಣ" ಅಂತ ಮಕ್ಕಳು ಕೇಳುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಆಗಸ್ಟಿನಲ್ಲಿ ನಾನು, ನಮ್ಮವರು ಮತ್ತು ಬ್ರಿಸ್ಬೇನಿನಲ್ಲಿರುವ ಮಗಳು ಸೇರಿ ಗರಿ ದ್ವೀಪದ ಮೂರು ದಿನದ ಕ್ಯಾಂಪಿಂಗ್ ಟೂರಿಗೆ ಹೋಗಿದ್ದೆವು. ನನಗೆ 57, ನಮ್ಮವರಿಗೆ 63. ನಾವು ಅಡಿಕೆ ತೋಟದವರು. ಟೆಂಟಿನಲ್ಲಿ ಮಲಗಿದ್ದು ಜೀವನದಲ್ಲಿ ಇದೇ ಮೊದಲು.

ಈ ಟೂರಿಗೆ ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಎರಡನೇ ದಿನದ ಸಂಜೆಗೆ ಬಂದಾಗ ಹೇಳುತ್ತೇನೆ.

ಮೊದಲು ಹೆಸರಿನ ವಿಷಯ. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೆ ಒಂದು ಕೆ ಅಕ್ಷರ ಇದೆ, ಆದರೆ ಹೇಳುವಾಗ ಅದು ಕೇಳುವುದಿಲ್ಲ. ಗರಿ, ಅಷ್ಟೇ. ನಮ್ಮ ನವಿಲುಗರಿಯ ಗರಿ ಇದ್ದ ಹಾಗೆ. ಅಲ್ಲಿನ ಮೂಲ ಜನ ಬುಚಲ್ಲರು. ಅವರ ಭಾಷೆಯಲ್ಲಿ ಅದಕ್ಕೆ ಸ್ವರ್ಗ ಅಂತ ಅರ್ಥವಂತೆ. 1836ರಲ್ಲಿ ಹಡಗು ಒಡೆದು ಅಲ್ಲಿಗೆ ಬಂದು ಸೇರಿದ ಒಬ್ಬ ಬಿಳಿ ಹೆಂಗಸಿನ ಮನೆತನದ ಹೆಸರೇ ಅದಕ್ಕೆ ಅಂಟಿಕೊಂಡು, ಎಷ್ಟೋ ಕಾಲ ಫ್ರೇಸರ್ ಐಲ್ಯಾಂಡ್ ಅಂತಲೇ ಕರೆದರು. 2023ರಲ್ಲಿ ಸರಕಾರ ಹಳೆಯ ಹೆಸರನ್ನು ವಾಪಸ್ ಕೊಟ್ಟಿತು. ಊರಿನ ಹೆಸರು ಊರವರ ಬಾಯಲ್ಲಿ ಇದ್ದ ಹಾಗೆ ಇರಬೇಕು ಅಂತ ಆಸೆಪಡುವ ಕಾಸರಗೋಡಿನವಳಿಗೆ ಇದು ಕೇಳಿ ತುಂಬಾ ಸಂತೋಷವಾಯಿತು.

ಇಡೀ ದ್ವೀಪ ಮರಳು. ಪ್ರಪಂಚದಲ್ಲೇ ಅತಿ ದೊಡ್ಡ ಮರಳಿನ ದ್ವೀಪ. ಉದ್ದ 120 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಅಂದರೆ ತಲಪಾಡಿಯಿಂದ ಹೊರಟರೆ ಕಣ್ಣೂರಿನ ಹತ್ತಿರ ಮುಟ್ಟುವಷ್ಟು. ವಿಸ್ತೀರ್ಣದಲ್ಲಿ ನಮ್ಮ ಕಾಸರಗೋಡು ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಮರಳು ಅಂದ ಕೂಡಲೇ ನಾನು ಬೇಕಲದ ಕಡಲ ಕರೆಯ ಹಾಗೆ ಬಯಲು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಆ ಮರಳಿನ ಮೇಲೆ ದಟ್ಟ ಕಾಡು, ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆ, ಹರಿಯುವ ತೋಡು.

ಟೂರಿನ ಖರ್ಚು ಒಬ್ಬರಿಗೆ 600 ಡಾಲರಿಗಿಂತ ಸ್ವಲ್ಪ ಜಾಸ್ತಿ ಆಯಿತು. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು. ಗಾಡಿ, ಟೆಂಟ್, ಊಟ, ಪರ್ಮಿಟ್ ಎಲ್ಲ ಅದರಲ್ಲೇ. ಸ್ಲೀಪಿಂಗ್ ಬ್ಯಾಗಿಗೆ ಮಾತ್ರ ಬೇರೆ ಬಾಡಿಗೆ. ಬ್ರಿಸ್ಬೇನಿನಿಂದ ರೈನ್‌ಬೋ ಬೀಚ್ ಎಂಬ ಊರಿಗೆ ಮೂರು ಗಂಟೆ ದಾರಿ. ಅಲ್ಲಿಂದ ಸ್ವಲ್ಪ ಮುಂದೆ ಇನ್‌ಸ್ಕಿಪ್ ಪಾಯಿಂಟ್. ಅಲ್ಲಿ ಗಾಡಿಯನ್ನೇ ಜಂಗಲ್ (ಗಾಡಿ ದಾಟಿಸುವ ಚಪ್ಪಟೆ ದೋಣಿ) ಮೇಲೆ ಹತ್ತಿಸಿ ಹತ್ತು ನಿಮಿಷದಲ್ಲಿ ಆಚೆ ದಡಕ್ಕೆ ಮುಟ್ಟಿಸುತ್ತಾರೆ. ನಾವು 11 ಜನ, ಒಂದು ಎತ್ತರದ ಫೋರ್ ವೀಲ್ ಡ್ರೈವ್, ಡ್ರೈವರೇ ಗೈಡ್, ಜೊತೆಗೆ ಅಡುಗೆಗೆ ಒಬ್ಬ ಹುಡುಗ.

ಮರಳಿಗೆ ಇಳಿಯುವ ಮೊದಲು ಗೈಡ್ ನಾಲ್ಕೂ ಟಯರಿನ ಗಾಳಿ ಬಿಟ್ಟು ಮೆತ್ತಗೆ ಮಾಡಿದ. ಆಮೇಲೆ ಕಡಲ ಕರೆಯಲ್ಲೇ ಗಾಡಿ ಓಡಿತು. 75 ಮೈಲ್ ಬೀಚ್ ಅಂತ ಅದರ ಹೆಸರು. ಅದು ಸರಕಾರಿ ಲೆಕ್ಕದಲ್ಲಿ ಹೆದ್ದಾರಿಯೇ. ಸ್ಪೀಡ್ ಲಿಮಿಟ್ ಇದೆ, ಪೊಲೀಸ್ ಇದ್ದಾರೆ, ಸಣ್ಣ ವಿಮಾನಗಳು ಸಹ ಅಲ್ಲೇ ಇಳಿಯುತ್ತವೆ. ಭರತ ಇರುವಾಗ ಆ ದಾರಿ ಇಲ್ಲ. ನೀರು ಏರಿ ನಿಲ್ಲುವ ಹೊತ್ತಿಗೆ ಎರಡು ಗಂಟೆ ಮೊದಲು, ಎರಡು ಗಂಟೆ ನಂತರ ಯಾರೂ ಗಾಡಿ ಇಳಿಸಬಾರದು. ಹಾಗಾಗಿ ಮೂರು ದಿನವೂ ನಮ್ಮ ಊಟ, ತಿರುಗಾಟ, ನಿದ್ದೆ ಎಲ್ಲ ಕಡಲಿನ ಏರಿಳಿತ ನೋಡಿಕೊಂಡೇ ನಡೆಯಿತು. ಎರಡನೇ ದಿನ ಬೆಳಿಗ್ಗೆ ಐದಕ್ಕೇ ಎಬ್ಬಿಸಿದರು. ಬೇಸರ ಮಾಡಬೇಡಿ, ಅದು ಅವರ ಕೈಯಲ್ಲಿ ಇಲ್ಲ.

ಈಗ ಡಿಂಗೋ ವಿಷಯ. ಈ ಟೂರಿನ ಜೀವ ಇರುವುದೇ ಅಲ್ಲಿ.

ಡಿಂಗೋ ಅಂದರೆ ಆಸ್ಟ್ರೇಲಿಯಾದ ಕಾಡು ನಾಯಿ. ಬುಚಲ್ಲರು ಅದನ್ನು ವಂಗಾರಿ ಅನ್ನುತ್ತಾರೆ. ದ್ವೀಪದಲ್ಲಿ ಇರುವುದು 70ರಿಂದ 200ರ ಒಳಗೆ. ಸಾಕುನಾಯಿಗಳನ್ನು ದ್ವೀಪಕ್ಕೆ ತರಲು ಬಿಡುವುದಿಲ್ಲ, ಹಾಗಾಗಿ ಇವುಗಳಲ್ಲಿ ಬೆರಕೆ ಬಹಳ ಕಡಿಮೆ. ಜಂಗಲ್ ಇಳಿದ ಕೂಡಲೇ ಗೈಡ್ ಎಲ್ಲರನ್ನೂ ನಿಲ್ಲಿಸಿ ಅರ್ಧ ಗಂಟೆ ಮಾತಾಡಿದ. ಒಬ್ಬರೇ ನಡೆಯಬಾರದು. ಮಕ್ಕಳು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಹೋಗುವಾಗ ಕೈಯಲ್ಲಿ ಒಂದು ಕೋಲು. ಟೆಂಟಿನೊಳಗೆ ಒಂದು ಬಿಸ್ಕತ್ತು ಸಹ ಇಡಬಾರದು. ಟೂತ್‌ಪೇಸ್ಟ್, ಸೋಪು, ಚಪ್ಪಲಿ ಎಲ್ಲ ಗಾಡಿಯೊಳಗೆ. ಡಿಂಗೋ ಎದುರಾದರೆ ಓಡಲೇಬಾರದು. ನೆಟ್ಟಗೆ ನಿಲ್ಲಬೇಕು, ಕೈ ಎದೆಯ ಮೇಲೆ ಕಟ್ಟಿಕೊಳ್ಳಬೇಕು, ಅದರ ಕಡೆಗೇ ಮುಖ ಮಾಡಿ ನಿಧಾನ ಹಿಂದೆ ಸರಿಯಬೇಕು. ತಿನ್ನಲು ಹಾಕಿದರೆ ದೊಡ್ಡ ದಂಡ. 2001ರಲ್ಲಿ ಡಿಂಗೋಗಳು ಒಂಬತ್ತು ವರ್ಷದ ಹುಡುಗನನ್ನು ಕೊಂದವು. ಅದನ್ನೂ ಅವನು ಮುಚ್ಚಿಡದೆ ಹೇಳಿದ. ಜನ ತಿಂಡಿ ಹಾಕಿ ಹಾಕಿ ಅಭ್ಯಾಸ ಮಾಡಿದರೆ ಪ್ರಾಣಿಗೆ ಮನುಷ್ಯರ ಹೆದರಿಕೆ ಹೋಗುತ್ತದೆ. ಕಚ್ಚಿದ ಮೇಲೆ ಸಾಯುವುದು ಡಿಂಗೋವೇ, ಇಲಾಖೆಯವರೇ ಕೊಲ್ಲಬೇಕಾಗುತ್ತದೆ ಅಂದ. ಹಾಗೆ ಹೇಳುವಾಗ ಅವನ ದನಿ ಸ್ವಲ್ಪ ಇಳಿದಿತ್ತು.

ಮೊದಲ ದಿನ ಮಧ್ಯಾಹ್ನವೇ ನೋಡಿದೆವು. ಕರೆಯಲ್ಲಿ ಗಾಡಿ ನಿಲ್ಲಿಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು. ಮರಳ ದಿಬ್ಬದ ಹುಲ್ಲಿನಿಂದ ಸದ್ದೇ ಇಲ್ಲದೆ ಒಂದು ಇಳಿದು ಬಂತು. ಹಣ್ಣಡಿಕೆಯ ಸಿಪ್ಪೆ ಬಿಸಿಲಿಗೆ ಒಣಗಿದ ಬಣ್ಣ. ನಾಲ್ಕೂ ಪಾದ ಬಿಳಿ, ಬಾಲದ ತುದಿ ಬಿಳಿ. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿತ್ತು. ಅದು ಉಪವಾಸ ಬಿದ್ದದ್ದಲ್ಲ, ಓಡಿ ಬೇಟೆಯಾಡುವ ಪ್ರಾಣಿ ಇರುವುದೇ ಹಾಗೆ ಅಂತ ಗೈಡ್ ಆಮೇಲೆ ಹೇಳಿದ. ಎಲ್ಲರೂ ಊಟ ಮುಚ್ಚಿ ಹತ್ತಿರ ಹತ್ತಿರ ನಿಂತೆವು. ಅದು ಹತ್ತು ಹನ್ನೆರಡು ಅಡಿ ದೂರದಲ್ಲಿ ನಿಂತು ನೋಡಿತು. ಬದಿಯಡ್ಕ ಬಸ್ ಸ್ಟ್ಯಾಂಡಿನ ನಾಯಿ ನಮ್ಮ ಕೈ ನೋಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಇದು ಬಾಲ ಅಲ್ಲಾಡಿಸಲಿಲ್ಲ. ನಮ್ಮ ಮುಖ ನೋಡಿತು. ಒಬ್ಬೊಬ್ಬರನ್ನೇ ನೋಡಿ, ಮರಳಿನ ಮೇಲೆ ಸತ್ತು ಬಿದ್ದಿದ್ದ ಒಂದು ಮೀನನ್ನು ಮೂಸಿ, ಅದನ್ನು ಕಚ್ಚಿಕೊಂಡು ತನ್ನ ದಾರಿ ಹಿಡಿಯಿತು. ನಮ್ಮವರು ನನ್ನ ಕೈ ಗಟ್ಟಿ ಹಿಡಿದುಕೊಂಡಿದ್ದರು. ನನಗೆ ಹೆದರಿಕೆಗಿಂತ ಗೌರವವೇ ಜಾಸ್ತಿ ಬಂತು. ನಮ್ಮ ಹಂಗಿಲ್ಲದೆ ಬದುಕುವ ಒಂದು ಜೀವ ಅಷ್ಟು ಹತ್ತಿರ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ.

ನಮ್ಮ ಊರಿನಲ್ಲೂ ಕಾಡುಪ್ರಾಣಿಗಳು ಇವೆ. ಹಂದಿ ಬಾಳೆ ಬುಡ ಅಗೆಯುತ್ತದೆ, ಮಂಗ ಎಳೆ ಅಡಿಕೆ ಉದುರಿಸುತ್ತದೆ, ಕಾರಡ್ಕ ಕಡೆಗೆ ಆನೆ ಬರುತ್ತದೆ. ಅವು ನಮ್ಮ ಜಾಗಕ್ಕೆ ಬಂದವು ಅಂತಲೇ ನಾವು ಮಾತಾಡುವುದು. ಇಲ್ಲಿ ಬೇಲಿಯ ಒಳಗೆ ಇರುವವರು ನಾವು. ಕ್ಯಾಂಪಿನ ಸುತ್ತ ಎತ್ತರದ ಬೇಲಿ, ಗೇಟಿಗೆ ಚಿಲಕ. ಹೊರಗೆ ಇಡೀ ದ್ವೀಪ ಅವುಗಳದು. ರಾತ್ರಿ ಮಲಗಿದ ಮೇಲೆ ದೂರದಿಂದ ಊಳಿಡುವ ಸದ್ದು ಕೇಳಿತು. ಒಂದು ಶುರು ಮಾಡಿತು, ಇನ್ನೊಂದು ಎಲ್ಲಿಂದಲೋ ಉತ್ತರ ಕೊಟ್ಟಿತು. ಆಗಸ್ಟ್ ಅವುಗಳ ಮರಿ ಸಣ್ಣದಿರುವ ಕಾಲ.

ಟೆಂಟಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೂವರಿಗೆ ಅಂತ ಕೊಟ್ಟದ್ದು ಇಬ್ಬರಿಗೆ ಸಾಕಾಗುವಷ್ಟು. ಜಿಪ್ ಒಂದು ಕಡೆ ಕೂರುತ್ತಿರಲಿಲ್ಲ, ಗಾಳಿ ಬಂದಾಗ ಮರಳು ಒಳಗೆ ಬಂತು. ಹಾಸಿಗೆ ತೆಳು. ಸೊಂಟ ನೋವು ಇರುವವರು ಇನ್ನೊಂದು ಹಾಸಿಗೆ ಕೇಳಿ ಪಡೆಯಿರಿ, ಕೇಳಿದರೆ ಕೊಡುತ್ತಾರೆ. ಟಾಯ್ಲೆಟ್ ನೂರು ಹೆಜ್ಜೆ ದೂರ, ಆದರೆ ಶುಚಿಯಾಗಿತ್ತು. ನಮ್ಮಲ್ಲಿ ತುಳು ತಿಂಗಳು ಆಟಿ ಕಳೆದು ಸೋಣ ಶುರುವಾಗುವ ಹೊತ್ತಿಗೆ ಅಲ್ಲಿ ಚಳಿಗಾಲದ ಕೊನೆ. ಸ್ವೆಟರ್, ಉಲ್ಲನ್ ಟೊಪ್ಪಿ, ಕಾಲುಚೀಲ ಬೇಕೇ ಬೇಕು. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಹೇಳಿದ್ದೆವು. ಮೊದಲ ರಾತ್ರಿ ಬ್ರೆಡ್ಡು, ಸೊಪ್ಪು, ಟೊಮೆಟೊ ಮಾತ್ರ. ಮಗಳು ಮಾತಾಡಿದ ಮೇಲೆ ಮರುದಿನ ಅನ್ನ, ಕಡಲೆಯ ಪಲ್ಯ ಮಾಡಿದರು, ರುಚಿಯಾಗಿತ್ತು. ಮಗಳು ಬ್ರಿಸ್ಬೇನಿನ ಇಂಡಿಯನ್ ಅಂಗಡಿಯಿಂದ ಚಟ್ನಿಪುಡಿ ಮತ್ತು ಉಪ್ಪಿನಕಾಯಿ ತಂದದ್ದು ಒಳ್ಳೆಯದಾಯಿತು. ಕ್ಯಾಂಪ್‌ಫೈರ್ ಇಲ್ಲ, ಅದನ್ನು ನಿರೀಕ್ಷೆ ಮಾಡಬೇಡಿ. 2020ರಲ್ಲಿ ಯಾರೋ ನಿಯಮ ಮೀರಿ ಹಾಕಿದ ಒಂದು ಬೆಂಕಿಯಿಂದ ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟು ಹೋಗಿತ್ತು. ಕಪ್ಪಾದ ಬೊಡ್ಡೆಗಳ ಮೇಲೆ ಹೊಸ ಚಿಗುರು ಬಂದದ್ದನ್ನು ದಾರಿಯಲ್ಲಿ ತೋರಿಸಿದರು.

ಇನ್ನು ನೀರು. ಇದನ್ನು ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನಮ್ಮ ಮನೆಯ ಹಿಂದೆ ಗುಡ್ಡೆಯಲ್ಲಿ ಮಾವನವರ ಕಾಲದ ಸುರಂಗ ಇದೆ. ಮುರಕಲ್ಲಿನ ಒಳಗೆ ಬಗ್ಗಿ ಹೋಗಿ ತೋಡಿದ್ದು. ಆ ಸುರಂಗದ ನೀರಿನಲ್ಲೇ ನಮ್ಮ ತೋಟ ಬೆಳೆದದ್ದು. ಬೇಸಿಗೆಯಲ್ಲೂ ಸಣ್ಣಗೆ ಬರುತ್ತದೆ. ಅದರ ಬಾಯಿಯ ಹತ್ತಿರ ಬಟ್ಟೆ ಒಗೆಯಬಾರದು, ಸೋಪು ತಾಗಿಸಬಾರದು ಅಂತ ಅತ್ತೆ ಹೇಳುತ್ತಿದ್ದರು. ಹಾಗಾಗಿ ಎಲೈ ಕ್ರೀಕ್ ಎಂಬ ತೋಡಿಗೆ ಇಳಿದಾಗ ನನಗೆ ಬೇರೆಯವರಿಗಿಂತ ಜಾಸ್ತಿ ಖುಷಿಯಾಯಿತು. ಮಳೆ ನೀರು ಮರಳಿನೊಳಗೆ ಇಳಿದು, ವರ್ಷಗಟ್ಟಲೆ ಸೋಸಿ, ಅಲ್ಲಿ ಹೊರಗೆ ಬರುತ್ತದೆ. ಗಂಟೆಗೆ 40 ಲಕ್ಷ ಲೀಟರ್‌ವರೆಗೆ ನೀರು ಕಡಲಿಗೆ ಸೇರುತ್ತದಂತೆ. ತಳದ ಮರಳು ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತದೆ. ಮೊಣಕಾಲುದ್ದ ನೀರು, ಸುರಂಗದ ನೀರಿನದೇ ತಂಪು. ಯುವಕರು ಟ್ಯೂಬ್ ಹಾಕಿಕೊಂಡು ತೇಲುತ್ತಾ ಕಡಲ ಕಡೆಗೆ ಹೋಗುತ್ತಿದ್ದರು. ನಮ್ಮವರೂ ಒಂದು ಟ್ಯೂಬ್ ಹಿಡಿದು ಕೂತರು. ಎರಡು ಸಲ ಹೋದರು.

ಆಮೇಲೆ ಲೇಕ್ ಮೆಕೆಂಜಿ. ಬುಚಲ್ಲರು ಬೂರಂಗೂರ ಅನ್ನುತ್ತಾರೆ. ನಮ್ಮ ಗುಡ್ಡೆಯ ಮೇಲಿನ ಮದಕ ನೆನಪು ಮಾಡಿಕೊಳ್ಳಿ. ತೋಡು ಬಂದು ಸೇರುವುದಿಲ್ಲ, ಬರೀ ಮಳೆ ನೀರು ನಿಂತು ಆದ ಕೆರೆ. ಇದೂ ಹಾಗೇ, ಕಡಲ ಮಟ್ಟದಿಂದ ಸುಮಾರು ನೂರು ಮೀಟರ್ ಮೇಲೆ, ಮರಳಿನ ದಿಬ್ಬಗಳ ನಡುವೆ. ಮರಳಿನಲ್ಲಿ ನೀರು ಹೇಗೆ ನಿಲ್ಲುತ್ತದೆ ಅಂತ ಕೇಳಿದೆ. ಬಿದ್ದ ಎಲೆ, ತೊಗಟೆ ಎಲ್ಲ ಕೊಳೆತು ಮರಳಿನ ಜೊತೆ ಗಟ್ಟಿಯಾಗಿ ತಳದಲ್ಲಿ ಒಂದು ಪದರ ಆಗಿದೆ, ಅದು ನೀರು ಇಳಿಯಲು ಬಿಡುವುದಿಲ್ಲ ಅಂತ ಗೈಡ್ ವಿವರಿಸಿದ. ಸೆಗಣಿ ಸಾರಿಸಿದ ಅಂಗಳ ನೀರು ಹಿಡಿದ ಹಾಗೆ ಅಂತ ನಾನು ಮಗಳಿಗೆ ಹೇಳಿದೆ. ಪ್ರಪಂಚದಲ್ಲಿ ಇಂಥ ಕೆರೆಗಳಲ್ಲಿ ಅರ್ಧದಷ್ಟು ಈ ಒಂದೇ ದ್ವೀಪದಲ್ಲಿ ಇವೆ. ಅಂಚಿನಲ್ಲಿ ನೀರಿಗೆ ಬಣ್ಣವೇ ಇಲ್ಲ, ನಾಲ್ಕು ಹೆಜ್ಜೆ ಆಚೆ ತಿಳಿ ನೀಲಿ, ನಡುವೆ ಕಡು ನೀಲಿ. ಮರಳು ಅಕ್ಕಿಹಿಟ್ಟಿನಷ್ಟು ಬಿಳಿ, ಮುಷ್ಟಿಯಲ್ಲಿ ಹಿಡಿದರೆ ಕಿರ್ ಅನ್ನುತ್ತದೆ. ನೀರಿಗೆ ಇಳಿಯುವ ದಿನ ಸನ್‌ಸ್ಕ್ರೀನ್ ಹಚ್ಚಬೇಡಿ ಅಂತ ಬೆಳಿಗ್ಗೆಯೇ ಹೇಳಿದ್ದರು. ಅಷ್ಟು ಚೆಂದದ ಜಾಗದಲ್ಲಿ ನಮಗೆ ಕೊಟ್ಟದ್ದು ಒಂದೂವರೆ ಗಂಟೆ ಮಾತ್ರ. ಇದು ಸಾಲದು. ಮೂರು ದಿನದ ಟೂರಿನಲ್ಲಿ ಆರು ಏಳು ಜಾಗ ತುಂಬಿಸುವುದಕ್ಕಿಂತ ಎರಡು ಜಾಗ ಕಡಿಮೆ ಮಾಡಲಿ.

ಉದಾಹರಣೆಗೆ, ಮಹೀನೊ ಎಂಬ ಮುರಿದ ಹಡಗಿನ ಹತ್ತಿರ ಮುಕ್ಕಾಲು ಗಂಟೆ ಬೇಕಾಗಿರಲಿಲ್ಲ. 1905ರಲ್ಲಿ ಕಟ್ಟಿದ ಹಡಗು, ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿತ್ತು. 1935ರಲ್ಲಿ ಗುಜರಿಗೆ ಅಂತ ಜಪಾನಿಗೆ ಎಳೆದುಕೊಂಡು ಹೋಗುವಾಗ ಬಿರುಗಾಳಿಗೆ ಸಿಕ್ಕಿ ಇಲ್ಲಿ ಬಂದು ಬಿತ್ತು. ಈಗ ತುಕ್ಕು ಹಿಡಿದ ಅಸ್ಥಿಪಂಜರ. ಫೋಟೋಕ್ಕೆ ಹತ್ತು ನಿಮಿಷ ಸಾಕು.

ಸೆಂಟ್ರಲ್ ಸ್ಟೇಶನ್ ಎಂಬ ಕಡೆಗೆ ಮಾತ್ರ ತಪ್ಪದೆ ಹೋಗಿ. ರೈಲು ಇಲ್ಲ, ಮರ ಕಡಿಯುವವರು ಇದ್ದ ಹಳೆಯ ಜಾಗ. 1991ರಲ್ಲಿ ಮರ ಕಡಿಯುವುದು ನಿಂತಿತು, ಮರುವರ್ಷ ಯುನೆಸ್ಕೊ ಪಟ್ಟಿಗೆ ಸೇರಿತು. ಸೂಯೆಜ್ ಕಾಲುವೆಯ ಕೆಲಸಕ್ಕೂ ಇಲ್ಲಿನ ಸ್ಯಾಟಿನೆ ಮರ ಹೋಗಿತ್ತಂತೆ. ಅಲ್ಲಿ ವಾಂಗೂಲ್ಬಾ ಎಂಬ ತೋಡಿನ ಪಕ್ಕ ಮರದ ದಾರಿ ಇದೆ. ನೀರು ಹರಿಯುವ ಸದ್ದೇ ಕೇಳುವುದಿಲ್ಲ, ತಳದಲ್ಲಿ ಕಲ್ಲೇ ಇಲ್ಲ, ಬರೀ ಮರಳು. ಆ ದಾರಿಯಲ್ಲಿ ನಾನು ನಿಂತುಬಿಟ್ಟೆ. ಎದುರಿಗೆ ಅಡಿಕೆ ತೋಟ! ನೆಟ್ಟಗೆ ಎದ್ದ ಸಪೂರ ಮರ, ಉಂಗುರ ಉಂಗುರ ಗಂಟು, ಮೇಲೆ ಹಸಿರು ಹಾಳೆ, ಅದರಿಂದ ಹೊರಟ ಸೋಗೆ. ಪಿಕಬೀನ್ ಪಾಮ್ ಅಂತೆ. ಕಾಯಿ ಕೆಂಪಗೆ ಸಣ್ಣದು, ತಿನ್ನುವ ಅಡಿಕೆ ಅಲ್ಲ. ಕೆಳಗೆ ಒಂದು ಹಾಳೆ ಬಿದ್ದಿತ್ತು. ಬಗ್ಗಿ ಮುಟ್ಟಿ ನೋಡಿದೆ. ಒಳಗಿನ ಕಡೆ ನುಣುಪು, ಹೊರಗೆ ಗೀರು, ಅಂಚು ಮಡಚಿದ ರೀತಿ, ಎಲ್ಲ ನಮ್ಮ ಹಾಳೆಯದೇ. ಅಲ್ಲಿನ ಮೂಲ ಜನ ಆ ಹಾಳೆಯನ್ನು ಮಡಚಿ ಕಟ್ಟಿ ನೀರು ತರುವ ಪಾತ್ರೆ ಮಾಡುತ್ತಿದ್ದರು ಅಂತ ಗೈಡ್ ಹೇಳಿದ. ನಮ್ಮಲ್ಲಿ ತಲೆಗೆ ಹಾಳೆಯ ಮುಟ್ಟಾಳೆ ಮಾಡುತ್ತಾರೆ, ಮಕ್ಕಳನ್ನು ಕೂರಿಸಿ ಎಳೆಯುತ್ತಾರೆ, ಬಾವಿಯಿಂದ ನೀರೆತ್ತಲೂ ಹಾಳೆ ಕಟ್ಟುತ್ತಿದ್ದ ಕಾಲ ಇತ್ತು ಅಂತ ಮಗಳು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನಮ್ಮವರನ್ನು ಕರೆದು, ಹಾಗೆ ಹೇಗೆ ಕಟ್ಟುತ್ತಾರೆ ಅಂತ ಕೈಯಲ್ಲಿ ತೋರಿಸಲು ಹೇಳಿದ. ಇವರು ಬಿದ್ದ ಹಾಳೆಯ ಎರಡು ತುದಿ ಮಡಚಿ ತೋರಿಸಿದರು. ಆಮೇಲೆ ಇದ್ದಲ್ಲೇ ಇಟ್ಟರು. ಅಲ್ಲಿಂದ ಏನನ್ನೂ ತರಬಾರದು.

ಪ್ರಾಣಿ ಪಕ್ಷಿ ಎಷ್ಟು ಕಂಡವು ಅಂತ ಕೇಳಿದರೆ, ಎಣಿಸುವುದನ್ನೇ ಬಿಟ್ಟೆ. ಕರೆಯ ಮೇಲೆ ಹಾರುತ್ತಿದ್ದ ಗರುಡ ನಮ್ಮ ಗರುಡನೇ, ಅದೇ ಬಿಳಿ ತಲೆ, ಅದೇ ಕಂದು ರೆಕ್ಕೆ. ಕ್ಯಾಂಪಿನ ಬೇಲಿಯಲ್ಲಿ ಒಂದು ದೊಡ್ಡ ಉಡ. ಇಂಡಿಯನ್ ಹೆಡ್ ಎಂಬ ಬಂಡೆಯ ಹತ್ತಿರ ನಿಂತಾಗ ತಿಮಿಂಗಿಲ ಕಂಡವು. ಮೊದಲು ನೀರಿನಿಂದ ಹೊಗೆಯ ಹಾಗೆ ಉಸಿರು, ಆಮೇಲೆ ಕಪ್ಪು ಬೆನ್ನು. ಜುಲೈಯಿಂದ ಅಕ್ಟೋಬರ್ ತನಕ ಅವು ಆ ದಾರಿಯಲ್ಲಿ ಓಡಾಡುತ್ತವೆ. ಹೆಸರು ನೋಡಿ ನಮ್ಮ ದೇಶಕ್ಕೂ ಆ ಬಂಡೆಗೂ ಏನು ಸಂಬಂಧ ಅಂತ ಕೇಳಿದೆ. ಇಲ್ಲ, 1770ರಲ್ಲಿ ಹಡಗಿನಲ್ಲಿ ಹೋಗುತ್ತಿದ್ದ ಜೇಮ್ಸ್ ಕುಕ್ ಅಲ್ಲಿ ನಿಂತಿದ್ದ ಮೂಲ ಜನರನ್ನು ಇಂಡಿಯನ್ನರು ಅಂತ ಕರೆದ, ಅದೇ ಉಳಿಯಿತು. ಬುಚಲ್ಲರಿಗೆ ಅದು ಪವಿತ್ರ ಜಾಗ. ನಾವು ಮೇಲೆ ಹತ್ತಲಿಲ್ಲ.

ಕತ್ತಲಾದ ಮೇಲೆ ಜೌಗಿನ ಕಡೆಯಿಂದ ಕಪ್ಪೆಗಳ ಕೂಗು ಕೇಳಿತು. ಅಲ್ಲಿನ ಹುಳಿ ನೀರಿನಲ್ಲೇ ಬದುಕುವ ಕಪ್ಪೆಗಳಂತೆ. ಕಪ್ಪೆಯ ಕೂಗು ನನಗೆ ಯಾಕೆ ಅಷ್ಟು ದೊಡ್ಡದು ಅಂತ ನಮ್ಮ ಪೆರ್ಲದ ಎಣ್ಮಕಜೆ ಪಂಚಾಯತಿನವರಿಗೆ ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿದ ವರ್ಷಗಳಲ್ಲಿ ನಮ್ಮ ತೋಡಿನಲ್ಲಿ ಮೀನು, ಕಪ್ಪೆ ಸತ್ತು ತೇಲಿದ್ದನ್ನು ನೋಡಿದವಳು ನಾನು. ಟೆಂಟಿನ ಹೊರಗೆ ಕುರ್ಚಿ ಹಾಕಿಕೊಂಡು ತುಂಬಾ ಹೊತ್ತು ಕೂತಿದ್ದೆ.

ಅದಕ್ಕೇ ಎರಡನೇ ದಿನ ಸಂಜೆ ನಡೆದದ್ದು ನನಗೆ ಅಷ್ಟು ನೋವಾಯಿತು. ಊಟ ಆದ ಮೇಲೆ ಅಡುಗೆಯ ಹುಡುಗ ಉಳಿದ ಪಾಸ್ತಾ ಮತ್ತು ತರಕಾರಿಯನ್ನು ಬಕೆಟಿನಲ್ಲಿ ತೆಗೆದುಕೊಂಡು ಹೋಗಿ ಬೇಲಿಯ ಆಚೆ ಪೊದೆಗೆ ಚೆಲ್ಲಿದ. ಕತ್ತಲು ಅಂತ ಯಾರೂ ನೋಡುವುದಿಲ್ಲ ಅಂದುಕೊಂಡನೋ ಏನೋ. ನಾನು ಕೈ ತೊಳೆಯಲು ಹೋದವಳು ನೋಡಿದೆ. ಬೆಳಿಗ್ಗೆಯಿಂದ ಒಂದು ಬಿಸ್ಕತ್ತಿಗೂ ನಮ್ಮನ್ನು ಎಚ್ಚರಿಸಿದವರ ಕ್ಯಾಂಪು ಅದು. ಮಗಳನ್ನು ಕರೆದು ಗೈಡಿಗೆ ಹೇಳಿಸಿದೆ. ಗೈಡ್ ಒಂದು ಮಾತೂ ವಾದ ಮಾಡಲಿಲ್ಲ. ಟಾರ್ಚ್ ಹಿಡಿದು ಹುಡುಗನನ್ನೂ ಕರೆದುಕೊಂಡು ಹೋಗಿ, ಇಬ್ಬರೂ ಮೊಣಕಾಲೂರಿ ಆ ಪಾಸ್ತಾ, ಎಲೆ, ಮರಳು ಎಲ್ಲ ಬಾಚಿ ಚೀಲಕ್ಕೆ ತುಂಬಿ ಗಾಡಿಗೆ ಹಾಕಿದರು. ಮರುದಿನ ಬೆಳಿಗ್ಗೆ ಬೇಲಿಯ ಆಚೆ ಅದೇ ಜಾಗದಲ್ಲಿ ಹೆಜ್ಜೆ ಗುರುತು ಇತ್ತು. ದೊಡ್ಡದು ಒಂದು, ಅದರ ಪಕ್ಕದಲ್ಲಿ ಸಣ್ಣವು ಮೂರೋ ನಾಲ್ಕೋ. ಗೈಡ್ ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತ. ಎಷ್ಟೇ ಬಾಚಿದರೂ ವಾಸನೆ ಉಳಿಯುತ್ತದೆ, ಅಲ್ವಾ?

ಇದನ್ನು ಕಂಪನಿಗೆ ಬರೆದು ಕಳಿಸಿದ್ದೇವೆ. ತಪ್ಪಾಯಿತು, ಕೆಲಸದವರಿಗೆ ಮತ್ತೆ ತರಬೇತಿ ಕೊಡುತ್ತೇವೆ ಅಂತ ಉತ್ತರ ಬಂತು. ಗೈಡಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಐದು. ಸ್ಟಾರ್ ಕಡಿಮೆ ಮಾಡಿದ್ದು ಈ ಒಂದು ಬಕೆಟಿಗೆ. ನೀವು ಯಾವ ಕಂಪನಿಯಲ್ಲಿ ಬುಕ್ ಮಾಡಿದರೂ ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ಕ್ಯಾಂಪಿಗೆ ಬೇಲಿ ಇದೆಯಾ? ಉಳಿದ ಊಟವನ್ನು ಏನು ಮಾಡುತ್ತೀರಿ? ಎರಡನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ.

ಮೊಣಕಾಲು ನೋವು ಜಾಸ್ತಿ ಇರುವವರಿಗೆ ಗಾಡಿಯ ಕುಲುಕಾಟ ಕಷ್ಟ. ಕಾಡಿನ ಒಳದಾರಿಯಲ್ಲಿ ಗಂಟೆಗೆ 15, 20 ಕಿಲೋಮೀಟರಿಗಿಂತ ಬೇಗ ಹೋಗಲು ಆಗುವುದಿಲ್ಲ, ತಲೆ ಮೇಲೆ ತಾಗುವಷ್ಟು ಎಗರುತ್ತದೆ. ಮುಂದಿನ ಸೀಟು ಕೇಳಿ ಪಡೆಯಿರಿ. ಕಡಲಿಗೆ ಈಜಲು ಇಳಿಯಬೇಡಿ, ಸೆಳೆತ ಇದೆ, ಶಾರ್ಕ್ ಇದೆ. ಕೆರೆ ಮತ್ತು ತೋಡು ಸಾಕು.

ಮಗಳಿಗೆ ಹೇಳಿದ್ದೇನೆ, ಮುಂದಿನ ಸಲ ಬಂದಾಗ ನಾಲ್ಕು ದಿನದ್ದು ಬುಕ್ ಮಾಡು, ಬೂರಂಗೂರದ ಹತ್ತಿರ ಒಂದು ಇಡೀ ಬೆಳಗ್ಗೆ ಬೇಕು. ನಮ್ಮವರು ಟ್ಯೂಬನ್ನು ಈಗಲೇ ತೆಗೆದಿಡು ಅನ್ನುತ್ತಿದ್ದಾರೆ.